ಮದುವೆ ಚುಕ್ಕೆ

ಭಾವನ ಕ್ಲಿನಿಕ್ಕಿನ ಬಾಗಿಲಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ಎಂಬುದು ಇಷ್ಟು ವರ್ಷವಾದರೂ ಅವನಿಗೆ ತೀರ್ಮಾನವಾಗಿರಲಿಲ್ಲ. ರೋಗಿಗಳು ಹೊರಗೆ ಬಿಟ್ಟು ಬರುತ್ತಾರೆ. ಮನೆಯವರು ಹಾಕಿಕೊಂಡೇ ಬಂದು, ಪಕ್ಕದ ಮೆಟ್ಟಿಲು ಹತ್ತಿ ಮಹಡಿಯ ಮನೆಗೆ ಹೋಗುತ್ತಾರೆ. ಅವನು ರೋಗಿಯಲ್ಲ, ಡಾಕ್ಟರ ಹೆಂಡತಿಯ ತಮ್ಮ, ಹಾಗೆ ನೋಡಿದರೆ ಮನೆಯವನೇ. ಆದರೆ ತಿಂಗಳಿಗೊಮ್ಮೆ ಬಕೆಟ್ಟು, ರಬ್ಬರ್ ಪೈಪು, ಬ್ರಷ್ಷು ಹಿಡಿದುಕೊಂಡು ಮೀನಿನ ತೊಟ್ಟಿ ತೊಳೆಯಲು ಬರುವವನನ್ನು ಮನೆಯವನೆಂದು ಯಾರು ತಿಳಿಯುತ್ತಾರೆ? ಹೋದ ತಿಂಗಳು ಬಿಟ್ಟು ಬಂದಿದ್ದ. ಆ ಸಿಟ್ಟು ಒಂದು ತಿಂಗಳು ಹಾಗೇ ಇದ್ದದ್ದರಿಂದ ಈ ಸಲ ಹಾಕಿಕೊಂಡೇ ನುಗ್ಗಿದ. ನಾಲ್ಕು ಹೆಜ್ಜೆ ಇಟ್ಟ ಮೇಲೆ ಬೆಂಚಿನ ಮೇಲೆ ಕೂತಿದ್ದ ಮುದುಕರೊಬ್ಬರು ಅವನ ಮುಖ ಬಿಟ್ಟು ಕಾಲನ್ನೇ ನೋಡತೊಡಗಿದರು. ಅವನು ಬಕೆಟ್ಟು ಇಳಿಸಿ, ವಾಪಸ್ಸು ಹೋಗಿ, ಚಪ್ಪಲಿ ಬಿಟ್ಟು ಬಂದ.

ತೊಟ್ಟಿ ಇದ್ದದ್ದು ಟೋಕನ್ ಮೇಜಿನ ಪಕ್ಕದಲ್ಲಿ. ನಾಲ್ಕಡಿ ಉದ್ದದ ಗಾಜು, ಅದರಲ್ಲಿ ಒಂದೇ ಒಂದು ಗೋಲ್ಡ್ ಫಿಶ್. ಒಂಬತ್ತು ವರ್ಷದ ಹಿಂದೆ ಅವನೇ ಆರು ಮರಿ ತಂದು ಬಿಟ್ಟಿದ್ದ. ಐದು ಸತ್ತು ಇದೊಂದು ಉಳಿದು, ಅಂಗೈಯಗಲ ಬೆಳೆದು, ತೊಟ್ಟಿಯೆಲ್ಲ ತನ್ನದೇ ಎಂಬಂತೆ ಅಡ್ಡಾಡುತ್ತಿತ್ತು. ಟೋಕನ್ ಕೊಡುವ ಹೆಂಗಸು ಅದಕ್ಕೆ ಗುಂಡ ಎಂದು ಹೆಸರಿಟ್ಟಿದ್ದಳು. ಆಕೆ ಬೆಳಿಗ್ಗೆ ಬಂದು ಬ್ಯಾಗು ಇಡುವ ಸದ್ದಿಗೇ ಅದು ಗಾಜಿನ ಹತ್ತಿರ ಬಂದು ಬಾಯಿ ಆಡಿಸುತ್ತಿತ್ತು. ಅವನ ನೆರಳು ಬಿದ್ದರೆ ಮಾತ್ರ ಹಿಂದಿನ ಮೂಲೆಗೆ ಸರಿದು ನಿಂತುಬಿಡುತ್ತಿತ್ತು. ಬಲೆ ತರುವವನನ್ನು, ಔಷಧಿ ತರುವವನನ್ನು ಯಾವ ಮೀನು ಇಷ್ಟಪಡುತ್ತದೆ ಎಂದು ಅವನು ಎಷ್ಟು ಸಲ ಸಮಾಧಾನ ಮಾಡಿಕೊಂಡಿದ್ದರೂ ಪ್ರತಿ ಸಲವೂ ಅದು ಚುಚ್ಚುತ್ತಿತ್ತು. ಒಂಬತ್ತು ವರ್ಷ ನಿನ್ನ ಹೇಲು ಬಳಿದವನು ನಾನು ಕಣೋ, ಎಂದು ಮನಸ್ಸಿನಲ್ಲೇ ಬೈದ.

“ಅಣ್ಣಾ, ಗುಂಡನ ಕೆನ್ನೆ ನೋಡಿ ಸ್ವಲ್ಪ,” ಎಂದಳು ಟೋಕನ್ ಹೆಂಗಸು. ಬಿಳೀ ಚುಕ್ಕೆ ಬಂದಿದೆ, ಹೋದ ವರ್ಷವೂ ಇದೇ ದಿನಗಳಲ್ಲಿ ಬಂದಿತ್ತು, ಆಮೇಲೆ ತಾನಾಗೇ ಹೋಯಿತು ಎಂದೂ ಸೇರಿಸಿದಳು. ಕೇಳದೇ ಇದ್ದದ್ದನ್ನೂ ಹೇಳುವ ಅಭ್ಯಾಸ ಆಕೆಗೆ. ಅವನು ಬಗ್ಗಿ ನೋಡಿದ. ಹೆಚ್ಚು ನೋಡಬೇಕಾದದ್ದೇನೂ ಇರಲಿಲ್ಲ. ರೋಗದ ಚುಕ್ಕೆಯಾದರೆ ಉಪ್ಪು ಚೆಲ್ಲಿದ ಹಾಗೆ ಎಲ್ಲೆಂದರಲ್ಲಿ ಇರುತ್ತದೆ, ಬಾಲ ಬೆನ್ನು ಎಂದು ನೋಡುವುದಿಲ್ಲ. ರೋಗ ಬಂದ ಮೀನು ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತದೆ, ರೆಕ್ಕೆ ಮಡಚಿಕೊಂಡು ಮಂಕಾಗಿ ಕೂರುತ್ತದೆ. ಇದಕ್ಕೆ ಅದ್ಯಾವುದೂ ಇರಲಿಲ್ಲ. ಚುಕ್ಕೆಗಳಿದ್ದದ್ದು ಕಿವಿರಿನ ಮುಚ್ಚಳದ ಮೇಲೆ, ಮತ್ತೆ ಮುಂದಿನ ರೆಕ್ಕೆಯ ಮೊದಲ ಎಲುಬಿನ ಮೇಲೆ, ಹೊಲಿಗೆ ಹಾಕಿದ ಹಾಗೆ ಸಾಲಾಗಿ. ಗಂಡು ಮೀನಿಗೆ ಹೆಣ್ಣನ್ನು ಕೂಡುವ ಕಾಲ ಬಂದಾಗ ಬರುವುದೇ ಹೀಗೆ, ಒಂದೆರಡು ತಿಂಗಳಿದ್ದು ಹೋಗುತ್ತದೆ. ಅವನಿಗೆ ಈ ಕೆಲಸ ಕಲಿಸಿದ ಅಕ್ವೇರಿಯಂ ಅಂಗಡಿಯ ಹಳೆಯ ಯಜಮಾನರು ಅದನ್ನು ಮದುವೆ ಚುಕ್ಕೆ ಎನ್ನುತ್ತಿದ್ದರು. ಹೊಸದರಲ್ಲಿ ಅವನು ಇಂಥದ್ದೇ ಒಂದು ಮೀನಿಗೆ ಔಷಧಿ ಹಾಕಲು ಹೋದಾಗ ಕೈ ಹಿಡಿದು, ಮದುಮಗನಿಗೆ ವಿಷ ಹಾಕ್ತೀಯೇನಯ್ಯ ಎಂದು ಬೈದಿದ್ದರು. ಇಡೀ ತೊಟ್ಟಿಯಲ್ಲಿ ಒಂದು ಹೆಣ್ಣು ಮೀನಿಲ್ಲ, ಇವನಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ಅವನಿಗೆ ನಗು ಬಂತು.

ಬೆಂಚಿನ ಮೇಲಿದ್ದವರೊಬ್ಬರು, ಇಲ್ಲಿ ಕೂತೂ ಕೂತೂ ಮೀನಿಗೂ ಚರ್ಮರೋಗ ಬಂತಾ ಅಂದರು. ಉಳಿದವರು ನಕ್ಕರು. ಮೈ ಕೆರೆದುಕೊಂಡು ಕೂತವರಿಗೆ ಇನ್ನೊಬ್ಬರ ಮೈ ಕಂಡರೆ ಎಷ್ಟು ಖುಷಿ ಎಂದುಕೊಂಡರೂ ಅವನಿಗೆ ಆ ನಗು ಅನುಕೂಲವಾಗಿಯೇ ಕಂಡಿತು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳತೊಡಗಿದ. ನಿಧಾನವಾಗಿ ಎದ್ದು ನಿಂತು, ಕೈ ಒರೆಸಿಕೊಂಡು, ಇದು ರೋಗವಲ್ಲ ಸ್ವಾಮಿ ಎಂದು ಶುರು ಮಾಡಬೇಕು. ಅವರೆಲ್ಲ ಸುಮ್ಮನಾಗಿ ಕೇಳಬೇಕು. ಅಂಗಡಿಯಲ್ಲಿ ಅವನು ಹೀಗೆ ಹೇಳುವಾಗ ಜನ ಕೇಳುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಮೀನು ತರುತ್ತಾರೆ, ಫೋನಿನಲ್ಲಿ ಫೋಟೋ ತೋರಿಸುತ್ತಾರೆ, ಅವನು ನೀರಿನ ವಾಸನೆ ನೋಡಿಯೇ ಏನಾಗಿದೆ ಎಂದು ಹೇಳುತ್ತಾನೆ. ಮೀನು ಡಾಕ್ಟ್ರು ಅಂತಲೇ ಕರೆಯುತ್ತಾರೆ. ಆ ಹೆಸರಿಟ್ಟವನು ಭಾವ. ಅಕ್ಕನ ಮನೆಯ ಊಟದ ಮೇಜಿನಲ್ಲಿ, ಹತ್ತು ಜನರ ಎದುರಿಗೆ, ತಮಾಷೆಗೆಂದು ಇಟ್ಟದ್ದು. ಜನ ಅದನ್ನು ಗೌರವಕ್ಕೆಂದು ಕರೆಯತೊಡಗಿದ ಮೇಲೂ ಅವನಿಗೆ ಅದರಲ್ಲಿ ಊಟದ ಮೇಜಿನ ನಗು ಕೇಳಿಸುತ್ತಿತ್ತು.

ಅಷ್ಟರಲ್ಲಿ ಒಳಗಿನ ಬಾಗಿಲು ತೆರೆಯಿತು. “ಬಂದ್ರಾ ಡಾಕ್ಟ್ರು?” ಎಂದ ಭಾವ. ತಾನು ಎದುರಿಗೆ ನೀವು ಎಂದು ಮಾತಾಡಿಸುವ ಈ ಮನುಷ್ಯನನ್ನು ಅವನು ಮನಸ್ಸಿನಲ್ಲಿ ಮೂವತ್ತೊಂದು ವರ್ಷದಿಂದ ಏಕವಚನದಲ್ಲೇ ಇಟ್ಟುಕೊಂಡಿದ್ದ. ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ, ಮುಖದ ಮೇಲೆ ರೋಗಿಗಳಿಗೆಂದೇ ಇಟ್ಟುಕೊಂಡ ನಗು. “ನೀನು ಹೇಳೋ ಮೊದಲು ನಾನೇ ಹೇಳಿಬಿಡ್ತೀನಿ. ಅದು ರೋಗ ಅಲ್ಲ. ಕನ್ನಡೀಲಿ ನೋಡಿದೀನಿ. ಚರ್ಮ ಗಟ್ಟಿಯಾಗಿ ಎದ್ದಿದೆ, ಅಷ್ಟೆ. ಗಂಡು ಮೀನಿಗೆ ಮಾತ್ರ ಬರೋದು, ಅದೂ ಸೀಸನ್ನಿನಲ್ಲಿ. ಚರ್ಮ ತಾನೇ, ಮೀನಿಂದಾದ್ರೇನು ಮನುಷ್ಯರದ್ದಾದ್ರೇನು.”

ಅವನು ಜೋಡಿಸಿ ಇಟ್ಟುಕೊಂಡಿದ್ದ ಮಾತು ಅದೇ. ಒಂದು ಅಕ್ಷರ ಹೆಚ್ಚು ಕಮ್ಮಿ ಇರಲಿಲ್ಲ. ಈಗ ಹೌದು ಎಂದರೆ ಪಾಠ ಒಪ್ಪಿಸಿದ ಹಾಗೆ. ಬೆಂಚಿನವರೆಲ್ಲ ಈಗ ಅವನ ಮುಖ ನೋಡುತ್ತಿದ್ದರು, ಚಪ್ಪಲಿ ನೋಡಿದ್ದ ಮುದುಕರೂ ಕೂಡ. ಅವನು ಏನು ಹೇಳಬೇಕೆಂದು ಯೋಚಿಸುವ ಮೊದಲೇ ಬಾಯಿ ಹೇಳಿ ಮುಗಿಸಿತ್ತು.

“ಅಲ್ಲ ಭಾವ. ಇದು ಚುಕ್ಕೆ ರೋಗ.”

ಭಾವನ ಹುಬ್ಬು ಮೇಲೆ ಹೋಯಿತು. ಖಾತ್ರೀನಾ ಎಂದು ಕೇಳಿದ. ಖಾತ್ರಿ ಎಂದ ಅವನು. ದನಿ ಎಷ್ಟು ಗಟ್ಟಿಯಾಗಿ ಬಂತೆಂದರೆ ಅರೆಕ್ಷಣ ಅವನಿಗೇ ನಂಬಿಕೆ ಬಂತು. ಭಾವ ಕೈ ಎತ್ತಿ, ಸರಿಯಪ್ಪ, ನಿನ್ನ ಪೇಷೆಂಟು, ನನ್ನ ಪೇಷೆಂಟಿನ ವಿಷಯಕ್ಕೆ ನೀನು ಬರಬೇಡ, ನಿನ್ನದಕ್ಕೆ ನಾನು ಬರಲ್ಲ ಎಂದು ನಗಿಸಿ, ಒಬ್ಬ ತಾಯಿಯನ್ನೂ ಅವಳ ಮಗಳನ್ನೂ ಕರೆದುಕೊಂಡು ಒಳಗೆ ಹೋದ. ಬಾಗಿಲು ಅರ್ಧ ತೆರೆದೇ ಇತ್ತು.

ತೊಟ್ಟಿಯ ಮುಂದೆ ಮಂಡಿಯೂರಿ ಕೂತು ಬ್ಯಾಗು ತೆರೆದಾಗ ಅವನಿಗೆ ದಾರಿಯೂ ಹೊಳೆದಿತ್ತು. ಒಂದು ಹಿಡಿ ಉಪ್ಪು ಹಾಕಿದರಾಯಿತು. ಉಪ್ಪಿನಿಂದ ಗೋಲ್ಡ್ ಫಿಶ್ಶಿಗೆ ಏನೂ ಆಗುವುದಿಲ್ಲ. ಮುಂದಿನ ತಿಂಗಳು ಬರುವಷ್ಟರಲ್ಲಿ ಚುಕ್ಕೆ ತಾನಾಗೇ ಹೋಗಿರುತ್ತದೆ, ಔಷಧಿಯಿಂದ ಹೋಯಿತು ಎಂದರೆ ಯಾರೂ ಇಲ್ಲ ಅನ್ನುವ ಹಾಗಿಲ್ಲ. ಸುಳ್ಳೇ, ಆದರೆ ಯಾರ ಮೈಗೂ ತಾಗದ ಸುಳ್ಳು. ಉಪ್ಪಿನ ಪೊಟ್ಟಣ ಕೈಗೆ ಸಿಕ್ಕಿತು. ಅದರ ಗಂಟು ಬಿಚ್ಚುತ್ತಿದ್ದಾಗ ಒಳಗಿನಿಂದ ಆ ತಾಯಿ ಅಳುವುದು ಕೇಳಿಸಿತು, ಆಮೇಲೆ ಭಾವನ ದನಿ. “ಅಳಬೇಡಿ ತಾಯೀ. ಇದು ತೊನ್ನಲ್ಲ. ಬರೀ ಸಿಬ್ಬು. ಮುಲಾಮು ಹಚ್ಚಿದ್ರೆ ಹೋಗುತ್ತೆ. ತೊನ್ನು ಯಾವುದು ಸಿಬ್ಬು ಯಾವುದು ಅಂತ ನಾನು ಒಂದು ನೋಟಕ್ಕೆ ಹೇಳ್ತೀನಿ, ಇದುವರೆಗೂ ಒಂದೇ ಒಂದು ಸಲ ತಪ್ಪಿಲ್ಲ.”

ಒಂದೇ ಒಂದು ಸಲ. ಅವನ ಕೈ ಪೊಟ್ಟಣದ ಗಂಟಿನ ಮೇಲೆ ಹಾಗೇ ನಿಂತಿತು. ಮೂವತ್ತೊಂದು ವರ್ಷದ ಹಿಂದೆ, ಅವತ್ತು ಅವನು ಹಾಕಿಕೊಂಡಿದ್ದದ್ದು ತಿಳಿ ನೀಲಿ ಅಂಗಿ, ಹೊಸದು, ಕಾಲರು ಕತ್ತಿಗೆ ಒತ್ತುತ್ತಿತ್ತು. ಕತ್ತಿನ ಎಡಗಡೆ ಒಂದು ಗುಂಡಿಯಷ್ಟು ಜಾಗ ಬೆಳ್ಳಗಾಗಿತ್ತು, ಅದು ಕಾಣದಿರಲೆಂದೇ ಮೇಲಿನ ಗುಂಡಿಯನ್ನೂ ಹಾಕಿಕೊಂಡಿದ್ದ. ಹೆಣ್ಣಿನ ಕಡೆಯವರು ಎದುರಿಗೇ ಕೂತಿದ್ದರು, ಮಾತೆಲ್ಲ ಮುಗಿದು ತಾರೀಖು ಗೊತ್ತು ಮಾಡುವುದೊಂದೇ ಬಾಕಿ. ಆ ಹುಡುಗಿ ಅವನನ್ನು ನೋಡಿ ಎರಡು ಸಲ ನಕ್ಕಿದ್ದಳು. ಅಕ್ಕನ ಮದುವೆಯಾಗಿ ಆರು ತಿಂಗಳು, ಭಾವ ಹೊಸ ಡಾಕ್ಟರು, ಕಂಡವರ ಮೈಯನ್ನೆಲ್ಲ ನೋಡುವ ಚಪಲ. ಹಿಂದಿನಿಂದ ಬಂದು ಸಲಿಗೆಯಿಂದ ಅವನ ಕಾಲರು ಸರಿಸಿ, ಏನಯ್ಯ ಇದು, ತೊನ್ನಿನ ಥರ ಕಾಣುತ್ತಲ್ಲ, ನನ್ನ ಹತ್ರ ಒಂದು ಮಾತು ಹೇಳಬಾರದಾ ಅಂದ. ಕಾಳಜಿಯಿಂದಲೇ ಅಂದದ್ದು ಎಂದು ಅಕ್ಕ ಈಗಲೂ ಹೇಳುತ್ತಾಳೆ. ಹುಡುಗಿಯ ಸೋದರಮಾವ ಲೋಟ ಕೆಳಗಿಟ್ಟ ಸದ್ದು ಮಾತ್ರ ಕೇಳಿಸಿತು. ಹತ್ತು ದಿನಕ್ಕೆ ಬೇಡವೆಂದು ಹೇಳಿಕಳಿಸಿದರು. ಮೂರು ತಿಂಗಳಿಗೆ ಕತ್ತಿನ ಬಿಳುಪು ಗುರುತೂ ಇಲ್ಲದ ಹಾಗೆ ಹೋಯಿತು. ಸಿಬ್ಬು. ಭಾವ ಅದೇ ಕತ್ತನ್ನು ಬೆಳಕಿಗೆ ತಿರುಗಿಸಿ ನೋಡಿ, ನೋಡಿದ್ಯಾ ನನ್ನ ಮುಲಾಮು, ಅಂದ. ತಪ್ಪಾಯ್ತು ಎಂಬ ಮಾತು ಆಗ ಬಂದಿದ್ದರೆ ಸಾಕಿತ್ತು. ಆಗ ಬರಲಿಲ್ಲ, ಆಮೇಲೂ ಬರಲಿಲ್ಲ. ಆಮೇಲೆ ಬಂದ ಸಂಬಂಧಗಳನ್ನು ಅವನೇ ಒಂದೊಂದು ನೆಪ ಹೇಳಿ ಬಿಟ್ಟ, ಅದು ಭಾವನ ಮೇಲಿನ ಸೇಡೋ ತನ್ನ ಮೇಲಿನದೋ ಅವನಿಗೇ ಗೊತ್ತಿಲ್ಲ. ಆ ಮಾತು ಮಾತ್ರ ಬೇಕಿತ್ತು. ಭಾವ ಹೇಳಬೇಕು, ನಾಲ್ಕು ಜನರ ಎದುರಿಗೆ ಹೇಳಬೇಕು, ಅಕ್ಕ ಕೇಳಿಸಿಕೊಳ್ಳಬೇಕು. ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ, ಮೀನುಗಳಿಗೆ ಊಟ ಹಾಕುವಾಗ ಅವನು ಆ ದೃಶ್ಯವನ್ನು ಎಷ್ಟು ಸಲ ಆಡಿಸಿ ನೋಡಿದ್ದನೆಂದರೆ ಅದರಲ್ಲಿ ಭಾವ ಯಾವ ಕುರ್ಚಿಯಲ್ಲಿ ಕೂತಿರುತ್ತಾನೆ ಎಂಬುದೂ ಗೊತ್ತಿತ್ತು.

ಉಪ್ಪಿನ ಪೊಟ್ಟಣವನ್ನು ಬ್ಯಾಗಿನೊಳಗೆ ಇಟ್ಟು ಹಸಿರು ಔಷಧಿಯ ಸೀಸೆ ತೆಗೆದ. ತನ್ನ ಕೈ ಏನು ಮಾಡುತ್ತಿದೆ ಎಂಬುದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಯಾವುದೋ ಆವೇಶ ಎಂದು ಆಮೇಲೆ ಹೇಳಿಕೊಳ್ಳಲು ನೋಡಿದ, ಆದರೆ ಆವೇಶದಲ್ಲಿ ಇರುವವನು ಫಿಲ್ಟರಿನ ಇದ್ದಿಲ ಚೀಲವನ್ನು ನೆನಪಿಟ್ಟು ತೆಗೆಯುವುದಿಲ್ಲ. ಇದ್ದಿಲು ಇದ್ದರೆ ಔಷಧಿಯನ್ನು ಹೀರಿಕೊಂಡುಬಿಡುತ್ತದೆ. ಅವನು ಅದನ್ನು ತೆಗೆದು ತೊಟ್ಟಿಯ ಕೆಳಗಿಟ್ಟ, ಹೀಟರನ್ನು ಮೇಲಕ್ಕೆ ತಿರುಗಿಸಿದ, ಹನಿ ಹಾಕುತ್ತ ಹೋದ. ಇಷ್ಟು ನೀರಿಗೆ ಇಷ್ಟು ಎಂದು ಲೆಕ್ಕ ಮುಗಿದ ಮೇಲೂ ಸೀಸೆಯನ್ನು ಎತ್ತಲಿಲ್ಲ. ಅಷ್ಟೊಂದಾ ಅಣ್ಣಾ ಎಂದು ಟೋಕನ್ ಹೆಂಗಸು ಮೇಜಿನ ಆ ಕಡೆಯಿಂದ ಕೇಳಿದಳು. “ನಿಮಗೇನ್ರೀ ಗೊತ್ತು?” ಎಂದ ಅವನು. “ಟೋಕನ್ ಕೊಡೋದು ನೋಡ್ಕೊಳ್ಳಿ.” ಆಕೆಯ ಮುಖ ಸಣ್ಣದಾಯಿತು. ಬೆಂಚಿನವರ ಎದುರು ಒಬ್ಬರ ಮುಖ ಸಣ್ಣದಾಗುವುದು ಹೇಗಿರುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ, ಆದರೂ ಅವನಿಗೆ ಒಳಗೊಳಗೇ ಹಿತವಾಯಿತು. ನೀರು ನಿಧಾನವಾಗಿ ಹಸಿರಾಯಿತು. ಮೂಲೆಯಲ್ಲಿದ್ದ ಮೀನು ಒಂದು ಸುತ್ತು ಬಂದು, ಎಲ್ಲ ಕಡೆಯೂ ಅದೇ ಎಂದು ತಿಳಿದು, ಮತ್ತೆ ಮೂಲೆಗೇ ಹೋಯಿತು. ಈ ಔಷಧಿ ಹಾಕಿ ನೀರು ಬಿಸಿ ಮಾಡಿದರೆ ಅದರಲ್ಲಿ ಉಸಿರಾಡುವ ಗಾಳಿ ಕಮ್ಮಿಯಾಗುತ್ತದೆ, ಇನ್ನೊಂದು ಗಾಳಿ ಪಂಪು ಇಡಬೇಕು. ಅಂಗಡಿಯಲ್ಲಿದೆ, ನಾಳೆ ತಂದರಾಯಿತು ಎಂದುಕೊಂಡ.

ಆ ನಾಳೆ ಬಂತು, ಅವನು ಹೋಗಲಿಲ್ಲ. ಪಂಪನ್ನು ಬೆಳಿಗ್ಗೆಯೇ ಕಪಾಟಿನಿಂದ ತೆಗೆದು ಮೇಜಿನ ಮೇಲಿಟ್ಟಿದ್ದ, ಅದು ಅಲ್ಲೇ ಇತ್ತು. ಒಂದು ಗಂಟೆಯ ಕೆಲಸ, ಮಧ್ಯಾಹ್ನ ಹೋಗೋಣ ಎಂದುಕೊಂಡ. ಹೋದರೆ ಭಾವ, ಯಾಕಯ್ಯಾ ಒಂದೇ ದಿನಕ್ಕೆ ಬಂದೆ, ಖಾತ್ರಿ ಅಂದಿದ್ದೆಯಲ್ಲ ಎನ್ನುತ್ತಾನೆ. ಹನ್ನೆರಡು ಗಂಟೆಗೆ ಶಾಲೆಯ ಟೀಚರೊಬ್ಬರು ಚೀಲದಲ್ಲಿ ತಲೆಕೆಳಗಾಗಿ ತೇಲುವ ಮೀನು ತಂದರು. ಪ್ರೀತಿಯಿಂದ ಅತಿಯಾಗಿ ತಿನ್ನಿಸಿದ್ದರು, ಕೊಳಕಾಯಿತೆಂದು ನೀರನ್ನು ಪೂರ್ತಿ ಬದಲಾಯಿಸಿದ್ದರು. ಅವನು ಆಕೆಯನ್ನು ಹಿಗ್ಗಾಮುಗ್ಗಾ ಬೈದ. ರೋಗ ಮೀನಿಗೆ ಬರೋದಲ್ಲ ಮೇಡಂ, ಸಾಕೋರಿಗೆ ಬರೋದು, ಅನುಭವಿಸೋದು ಮಾತ್ರ ಮೀನು ಎಂದ. ಇದು ಅವನು ದಿನಕ್ಕೊಮ್ಮೆ ಹೇಳುವ ಮಾತು, ಹೇಳಿದಾಗಲೆಲ್ಲ ತೃಪ್ತಿಯಾಗುತ್ತಿತ್ತು. ಇವತ್ತು ಹೇಳುವಾಗ ತನ್ನ ಹೆಬ್ಬೆರಳು ಕಣ್ಣಿಗೆ ಬಿತ್ತು, ಉಗುರಿನ ಸುತ್ತ ಹಸಿರು. ಎಷ್ಟು ಸೋಪು ಹಾಕಿ ತಿಕ್ಕಿದರೂ ಆ ಬಣ್ಣ ನಾಲ್ಕು ದಿನ ಹೋಗುವುದಿಲ್ಲ. ಟೀಚರು ಕಣ್ಣು ತುಂಬಿಕೊಂಡು, ನನಗೆ ಗೊತ್ತಿರಲಿಲ್ಲ ಸಾರ್ ಎಂದರು. ಗೊತ್ತಿಲ್ಲದೆ ಕೊಲ್ಲುವವರ ಮೇಲೆ ಅವನಿಗೆ ಆ ಕ್ಷಣ ಬಂದದ್ದು ಹೊಟ್ಟೆಕಿಚ್ಚು.

ನಾಲ್ಕು ಗಂಟೆಗೆ ಫೋನು ಬಂತು. ಟೋಕನ್ ಹೆಂಗಸು. ನಿನ್ನೆಯ ಮಾತಿನ ಬೇಸರ ದನಿಯಲ್ಲಿರಲಿಲ್ಲ, ಗಾಬರಿ ಇತ್ತು. “ಅಣ್ಣಾ, ಗುಂಡ ಮೇಲೆ ಬಂದು ಬಾಯಿ ಬಾಯಿ ಬಿಡ್ತಿದಾನೆ. ಮಧ್ಯಾಹ್ನದಿಂದ ಹೀಗೇ. ಏನು ಮಾಡ್ಲಿ?” ಮಾಡಬೇಕಾದದ್ದು ಅವನಿಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತಿತ್ತು. ಹೀಟರು ಆರಿಸಿ, ಅರ್ಧ ನೀರು ತೆಗೆದು ಹೊಸ ನೀರು ಹಾಕಿ, ಇದ್ದಿಲ ಚೀಲ ವಾಪಸ್ಸು ಇಡಿ, ನಾನು ಈಗಲೇ ಪಂಪು ತರ್ತೀನಿ. ನಾಲ್ಕು ಮಾತು. ಹೀಟರು ಎಂದು ಶುರುವನ್ನೂ ಮಾಡಿದ್ದ. ಅಷ್ಟರಲ್ಲಿ ಫೋನಿನ ಹಿಂದೆ ಭಾವನ ದನಿ ಕೇಳಿಸಿತು, ಏನಂತೆ ಡಾಕ್ಟ್ರು, ಔಷಧಿ ಜಾಸ್ತಿಯಾಯ್ತಂತಾ?

“ಮೊದಮೊದಲು ಹಾಗೇ ಆಗುತ್ತೆ ಅಂತ ಹೇಳಿ,” ಎಂದ ಅವನು. “ಔಷಧಿ ಕೆಲಸ ಮಾಡ್ತಿದೆ. ಏನೂ ಮುಟ್ಟಬೇಡಿ.”

ಹೀಟರು ಅಂದ್ರಲ್ಲ ಅಣ್ಣಾ ಎಂದು ಆಕೆ ಕೇಳಿದಳು. ಇಲ್ಲ, ಏನೂ ಇಲ್ಲ ಎಂದು ಇಟ್ಟುಬಿಟ್ಟ. ಇಟ್ಟ ಮೇಲೂ ಹೊತ್ತಿತ್ತು. ಅಂಗಡಿಯಿಂದ ಕ್ಲಿನಿಕ್ಕಿಗೆ ಇಪ್ಪತ್ತು ನಿಮಿಷದ ದಾರಿ. ಅವನು ಪಂಪನ್ನು ಕೈಗೆತ್ತಿಕೊಂಡು, ಅದರ ವೈರನ್ನು ನೀಟಾಗಿ ಸುತ್ತಿ, ರಬ್ಬರು ಹಾಕಿ, ಕಪಾಟಿನಲ್ಲಿ ಇಟ್ಟ.

ಮರುದಿನ ಬೆಳಿಗ್ಗೆ ಅವನನ್ನು ಕರೆಸಿದ್ದು ಭಾವನೇ. ಚಪ್ಪಲಿಯ ಯೋಚನೆ ಬರಲಿಲ್ಲ, ಬಿಟ್ಟನೋ ಹಾಕಿಕೊಂಡೇ ಹೋದನೋ ಆಮೇಲೆ ನೆನಪಾಗಲಿಲ್ಲ. ಬೆಂಚುಗಳು ತುಂಬಿದ್ದವು. ತೊಟ್ಟಿಯ ಹಸಿರು ನೀರು ಖಾಲಿ ಖಾಲಿಯಾಗಿ ಗುಳುಗುಳು ಅನ್ನುತ್ತಿತ್ತು. ಟೋಕನ್ ಹೆಂಗಸು ತಲೆಯೆತ್ತದೆ, ಒಳಗೆ ಹೋಗಬೇಕಂತೆ ಎಂದಳು. ಭಾವ ಮೀನನ್ನು ಸ್ಟೀಲಿನ ತಟ್ಟೆಯಲ್ಲಿ, ಹತ್ತಿಯ ಮೇಲೆ ಮಲಗಿಸಿ, ದೀಪವನ್ನು ಅದರ ಮೇಲೆ ಎಳೆದುಕೊಂಡು, ಭೂತಗನ್ನಡಿ ಹಿಡಿದು ಬಗ್ಗಿ ಕೂತಿದ್ದ. ಮೀನಿನ ಬಾಯಿ ತೆರೆದೇ ಇತ್ತು. ಬಣ್ಣ ಆಗಲೇ ಮಾಸಿತ್ತು, ಕಿವಿರಿನ ಮುಚ್ಚಳದ ಮೇಲೆ ಆ ಬಿಳಿ ಚುಕ್ಕೆಗಳು ಮಾತ್ರ ಒಂದೂ ಅಳಿಯದೆ ಹಾಗೇ ನಿಂತಿದ್ದವು. ರೋಗದ ಚುಕ್ಕೆಯಾಗಿದ್ದರೆ ಇಷ್ಟು ಔಷಧಿಗೆ ಉದುರಿರಬೇಕಿತ್ತು. ಚರ್ಮ ನೋಡಿಯೇ ಬಾಳಿದ ಮನುಷ್ಯ, ಕನ್ನಡಿ ಕೈಯಲ್ಲಿದೆ, ಈಗ ಹೇಳುತ್ತಾನೆ, ಬಾಗಿಲು ಬೇರೆ ತೆರೆದಿದೆ. ಭಾವ ಉಗುರಿನಿಂದ ಒಂದು ಚುಕ್ಕೆಯನ್ನು ಕೆರೆದು ನೋಡಿದ. ಅದು ಬರಲಿಲ್ಲ.

“ಎಷ್ಟು ಗಟ್ಟಿಯಾಗಿ ಬೇರೂರಿದೆ ನೋಡು,” ಎಂದ. “ಹೋದ ವರ್ಷ ಇದೇ ಚುಕ್ಕೆ ನೋಡಿ, ಇದೇನು ಮಹಾ ಅಂತ ಸುಮ್ಮನಾದೆ. ಆಗಲೇ ನಿನ್ನ ಕೇಳಬೇಕಿತ್ತು. ಎಲ್ಲ ಬಲ್ಲವನ ಹಾಗೆ ಮೊನ್ನೆಯೂ ನಿನ್ನ ಬಾಯಿ ಮುಚ್ಚಿಸೋಕೆ ಹೋದೆ.” ಕನ್ನಡಿಯನ್ನು ಕೊರಳಿಗೆ ಬಿಟ್ಟು ತಲೆಯೆತ್ತಿದ. ಮುಖದಲ್ಲಿ ರೋಗಿಗಳಿಗೆಂದು ಇಟ್ಟುಕೊಂಡ ನಗು ಇರಲಿಲ್ಲ. ಅದಿಲ್ಲದ ಮುಖವನ್ನು ಅವನು ನೋಡಿಯೇ ಎಷ್ಟೋ ಕಾಲವಾಗಿತ್ತು, ವಯಸ್ಸಾದ ಒಬ್ಬ ಮನುಷ್ಯ, ಕಣ್ಣಿನ ಕೆಳಗೆ ಚರ್ಮ ಜೋತುಬಿದ್ದಿತ್ತು. “ನಂದು ತಪ್ಪಾಯ್ತು ಕಣಯ್ಯ.”

ಆ ಮಾತು ತೆರೆದ ಬಾಗಿಲಿನಿಂದ ಹೊರಗೆ ಹೋಯಿತು. ಬೆಂಚಿನವರು ಕೇಳಿಸಿಕೊಂಡರು. ಮಹಡಿಯಿಂದ ಇಳಿದು ಬಂದ ಅಕ್ಕ ಬಾಗಿಲಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು, ಅವಳೂ ಕೇಳಿಸಿಕೊಂಡಳು. ಅವನು ಮೂವತ್ತೊಂದು ವರ್ಷ ಆಡಿಸಿ ನೋಡಿದ್ದ ದೃಶ್ಯದಲ್ಲಿ ಏನೇನು ಇರಬೇಕಿತ್ತೋ ಎಲ್ಲವೂ ಇತ್ತು, ಕುರ್ಚಿಯೂ ಅದೇ. ಆ ಮಾತು ಬಂದ ಮೇಲೆ ತನಗೆ ಏನೇನೋ ಆಗುತ್ತದೆ ಎಂದು ಅವನು ತಿಳಿದಿದ್ದ. ಏನೂ ಆಗಲಿಲ್ಲ. ನಾಚಿಕೆಯಾಯಿತು, ಅಷ್ಟೆ, ಬೆತ್ತಲೆ ನಿಂತವನಿಗೆ ಆಗುವಂಥ ನಾಚಿಕೆ. ಇಲ್ಲ ಭಾವ, ನೀವು ಹೇಳಿದ್ದೇ ಸರಿ ಎಂದು ಈಗ ಹೇಳಿದರೆ ಮುಗಿಯಿತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅದನ್ನು ಹೇಳಿದರೆ ಈ ಮನುಷ್ಯ ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳುತ್ತಾನೆ. ಇನ್ನೊಂದು ಸಲ ಹೇಳುವಷ್ಟು ವರ್ಷ ಇಬ್ಬರಿಗೂ ಉಳಿದಿಲ್ಲ.

“ಇರ್ಲಿ ಬಿಡಿ ಭಾವ,” ಎಂದ. “ಯಾರಿಗಾದ್ರೂ ಆಗುತ್ತೆ.”

ಮೀನನ್ನು ಹತ್ತಿಯ ಸಮೇತ ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಹೊರಟಾಗ ಅಕ್ಕ ಟೋಕನ್ ಮೇಜಿನವರೆಗೂ ಜೊತೆಗೆ ಬಂದಳು. ಅವಳ ಮುಖದಲ್ಲಿ ಎಂಥದೋ ಕಳೆ ಬಂದಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಈ ಮಾತು ಅವರ ಬಾಯಲ್ಲಿ ತಾನು ಒಂದೇ ಒಂದು ದಿನ ಕೇಳಿಲ್ಲ ಎಂದಳು. ಕೇಳಬೇಕಾದ ಸಂದರ್ಭ ಇರಲಿಲ್ಲ ಅಂತಲ್ಲ ಎಂದು ಸಣ್ಣಗೆ ನಕ್ಕಳು. ಆಮೇಲೆ ಅವನ ಕಾಲರಿನ ಹತ್ತಿರ ಕೈ ತಂದು, ಮುಟ್ಟದೆ ಇಳಿಸಿ, “ಅದಕ್ಕೂ ಸೇರಿಸೇ ಅಂದ್ರು ಅಂತ ಅಂದ್ಕೊಳ್ಳೋ. ಇನ್ನಾದ್ರೂ ಬಿಟ್ಟುಬಿಡು,” ಎಂದಳು. ಅವನು ತಲೆಯಾಡಿಸಿದ. ಪೇಪರಿನೊಳಗಿಂದ ತಣ್ಣಗಿನ ನೀರು ಅಂಗೈಗೆ ಇಳಿಯುತ್ತಿತ್ತು.

“ನಿಜವಾಗ್ಲೂ ರೋಗಾನೇ ತಾನೇ ಅದು?” ಎಂದು ಕೇಳಿದಳು ಅಕ್ಕ. ಅನುಮಾನದಿಂದ ಕೇಳಿದ್ದಲ್ಲ. ಆ ಸಂತೋಷದ ಮಾತನ್ನು ಇನ್ನೊಂದು ಸಲ ಕೇಳುವ ಆಸೆ, ಅಷ್ಟೆ.

ಟೋಕನ್ ಹೆಂಗಸು ಬರೆಯುವುದನ್ನು ನಿಲ್ಲಿಸಿದ್ದಳು.

“ಹೂಂ ಅಕ್ಕ,” ಎಂದ ಅವನು. “ರೋಗಾನೇ.”

ಅಕ್ಕ ಮೆಟ್ಟಿಲು ಹತ್ತಿ ಹೋದಳು. ಅವಳ ಹೆಜ್ಜೆಯ ಸದ್ದು ಮೇಲೆ ಮುಟ್ಟುವವರೆಗೂ ಟೋಕನ್ ಹೆಂಗಸು ಕಾದಳು. ಆಮೇಲೆ ಮೇಜಿನ ಡ್ರಾಯರು ತೆರೆದು, ಅರ್ಧ ಉಳಿದಿದ್ದ ಮೀನಿನ ಊಟದ ಡಬ್ಬಿ ತೆಗೆದು ಅವನ ಕಡೆ ಸರಿಸಿದಳು. ಅತ್ತು ಮುಗಿಸಿದ ಕಣ್ಣು, ದನಿಯಲ್ಲಿ ಸಿಟ್ಟಿರಲಿಲ್ಲ. ಮುಂದಿನ ಟೋಕನ್ನಿನವರಿಗೆ ಬೆರಳು ತೋರಿಸಿ ಒಳಗೆ ಕಳಿಸಿದ ಮೇಲೆ ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು.

“ಇನ್ನೊಂದು ತರೋದಾದ್ರೆ ಹೆಣ್ಣು ಮೀನೇ ತನ್ನಿ ಅಣ್ಣಾ. ಅದಕ್ಕಾದ್ರೆ ಚುಕ್ಕೆ ಬರಲ್ಲ.”

ಅವನು ಡಬ್ಬಿ ತೆಗೆದುಕೊಂಡು, ಆಗಲಿ ಎಂದ.